ಹಾಡಿದ್ದೇ ಹಾಡುವ ಸರ್ವರ್

ನಾನು ಈ ಕುರ್ಚಿಯಲ್ಲಿ ಕೂತು ಇಪ್ಪತ್ತೆರಡು ವರ್ಷವಾಯಿತು. ಮುಂದೆ ಒಂದು ಫೋನು, ಪಕ್ಕದ ಗೋಡೆಗೆ ಒಂದು ಕಪ್ಪು ಹಲಗೆ, ಬೆನ್ನ ಹಿಂದೆ ಹಲ್ಲುಗಳ ಕಪಾಟು. ನಮ್ಮದು ಹಲ್ಲಿನ ಸೆಟ್ಟು ಕಟ್ಟುವ ಕಾರ್ಖಾನೆ. ಕಾರ್ಖಾನೆ ಎಂದರೆ ಮೂರು ಕೋಣೆ, ಒಂದು ಸೋರುವ ತೊಟ್ಟಿ. ಊರಿನ ದಂತವೈದ್ಯರು ಬಾಯಿಯ ಅಚ್ಚು ತೆಗೆದು ಇಲ್ಲಿಗೆ ಕಳಿಸುತ್ತಾರೆ. ಒಳಗಿನವರು ಮೇಣದಲ್ಲಿ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ವಸಡು ಬೇಯಿಸಿ, ಉಜ್ಜಿ ಹೊಳಪು ಕೊಟ್ಟು, ನಂಬರು ಬರೆದ ಡಬ್ಬಿಯಲ್ಲಿ ಹಾಕಿ ನನ್ನ ಕಪಾಟಿಗೆ ತಂದಿಡುತ್ತಾರೆ. ಆಮೇಲೆ ಬಾಯಿಯ ಒಡೆಯರು ಬಂದು ಕನ್ನಡಿಯ ಮುಂದೆ ಹಾಕಿ ನೋಡಿ ಒಯ್ಯುತ್ತಾರೆ. ನಡುವಿನ ದಿನಗಳಲ್ಲಿ ಅವರೆಲ್ಲ ನನಗೆ ಫೋನು ಮಾಡಿ ಕೇಳುವುದು ಒಂದೇ ಪ್ರಶ್ನೆ: ಆಯ್ತಾ? ನಾನು ತಿರುಗಿ ಕಪಾಟು ನೋಡಿ ಆಗಿದೆ ಅಥವಾ ಆಗಿಲ್ಲ ಎನ್ನುತ್ತೇನೆ. ಇಲ್ಲಿ ಎಲ್ಲರ ಬಾಯಲ್ಲೂ ನಾನು ಫೋನಮ್ಮ. ಹಲ್ಲಿಲ್ಲದವರ ಮಾತು ಬೇರೆಯವರಿಗೆ ಅರ್ಧಂಬರ್ಧ ತಿಳಿದರೆ, ನನಗದು ಮಾತೃಭಾಷೆಯಷ್ಟೇ ಸಲೀಸು.

ಈ ಕೆಲಸಕ್ಕೆ ಮನುಷ್ಯರು ಬೇಕಾಗಿಲ್ಲ, ಒಂದು ಫಂಕ್ಷನ್ ಸಾಕು ಎಂದು ಕಂಡುಹಿಡಿದವರು ನಮ್ಮ ಯಜಮಾನರ ಅಳಿಯ ದೇವರು. ಅವರು ಮೊದಲು ಯಾವುದೋ ದೊಡ್ಡ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರಂತೆ. ಅಲ್ಲಿ ಬಳಸುವ ಭಾಷೆ ಕೊಳಕು ಎಂದು ಮುನಿಸಿಕೊಂಡು ಬಿಟ್ಟು ಬಂದರಂತೆ. ಶೌಚಾಲಯ ಕೊಳಕು ಎಂದು ಕೆಲಸ ಬಿಟ್ಟವರನ್ನು ಕಂಡಿದ್ದೇನೆ, ಭಾಷೆ ಕೊಳಕು ಎಂದು ಬಿಟ್ಟವರನ್ನು ಕಂಡಿದ್ದು ಅದೇ ಮೊದಲು. ಮಗಳ ಗಂಡ ಮನೆಯಲ್ಲಿ ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವೆಂದು ಯಜಮಾನರು ಅವರನ್ನು ಇಲ್ಲಿಗೆ ಕರೆತಂದು, ಹೊಳಪು ಕೊಡುವ ಯಂತ್ರದ ಪಕ್ಕದ ಕೋಣೆಯಲ್ಲಿ ಕೂರಿಸಿದರು. ಕೂತವರು ಒಂದು ವಾರ ಫೋನು ಬಡಿದುಕೊಳ್ಳುವುದನ್ನು ಕೇಳಿದರು. ಎಂಟನೇ ದಿನ ನನ್ನ ಹಲಗೆಯ ಮೇಲಿದ್ದ ಪಟ್ಟಿಯನ್ನು ಕೈಯಿಂದಲೇ ಒರೆಸಿ, ಅಲ್ಲಿ ಒಂದು ಬಾಣ ಬರೆದರು. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಫಂಕ್ಷನ್ ಎಂದರೆ ಅಷ್ಟೇ ಅಂತೆ.

ಜನ ತಮ್ಮ ಮೊಬೈಲಿನಲ್ಲಿ ಡಬ್ಬಿಯ ನಂಬರು ಒತ್ತಿದರೆ ಆಗಿದೆಯೋ ಇಲ್ಲವೋ ಎಂದು ಹೇಳುವ ಪುಟ ಬೇಕು, ಅಷ್ಟೇ. ಮೂಲೆಯ ಕಂಪ್ಯೂಟರ್ ಅಂಗಡಿಯವನು ಅದನ್ನು ಅರ್ಧ ದಿನದಲ್ಲಿ ಮಾಡಿಕೊಡುತ್ತೇನೆಂದಿದ್ದ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಅಳಿಯ ದೇವರು ರೆಡಿಮೇಡ್ ಏನೂ ಮುಟ್ಟುವುದಿಲ್ಲವೆಂದರು. ಪುಟ ಕಳಿಸುವ ವೆಬ್ ಸರ್ವರನ್ನೇ ತಾವು ಮೊದಲಿನಿಂದ ಬರೆಯುತ್ತೇವೆ, ಅದೂ ಶುದ್ಧವಾದ ಫಂಕ್ಷನಲ್ ಭಾಷೆಯಲ್ಲಿ ಎಂದರು. ಶುದ್ಧ ಎಂದರೇನು ಎಂದು ಕೇಳಿದ ತಪ್ಪಿಗೆ ನನಗೆ ಮುಕ್ಕಾಲು ಗಂಟೆ ಪಾಠವಾಯಿತು. ಆ ಭಾಷೆಯಲ್ಲಿ ಒಂದು ಸಲ ಐದು ಎಂದರೆ ಪ್ರಳಯವಾದರೂ ಐದೇ. ಏನನ್ನೂ ಬದಲಾಯಿಸುವಂತಿಲ್ಲ, ಹೊರಗಿನದನ್ನು ಮುಟ್ಟಿದರೆ ಮೈಲಿಗೆ. ಒಂದೇ ಪ್ರಶ್ನೆಗೆ ಯಾವ ದಿನ ಕೇಳಿದರೂ ಒಂದೇ ಉತ್ತರ. ನನ್ನ ಗಂಡನೂ ಹಾಗೇ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಮೊದಲ ವಾರ ಸರ್ವರ್‌ಗೆ ಬಾಗಿಲು ತೆರೆದು ಕಾಯುವುದನ್ನು ಕಲಿಸಿದರು. ಯಾರು ಏನು ಕೇಳಿದರೂ ನಮಸ್ಕಾರ ಎನ್ನುವುದನ್ನೂ ಕಲಿಸಿದರು. ಆ ಶುಕ್ರವಾರ ಯಜಮಾನರಿಂದ ಹಿಡಿದು ಅಚ್ಚಿಗೆ ಗಾರೆ ಕಲಸುವವನವರೆಗೆ ಎಲ್ಲರನ್ನೂ ಕರೆದು ಒಂದು ಬಿಳಿ ಪುಟ ತೋರಿಸಿದರು. ಅದರ ಎಡ ಮೂಲೆಯಲ್ಲಿ ನಮಸ್ಕಾರ ಎಂದಿತ್ತು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನೋಣವೆಂದರೆ ಇಲಿಯಾದರೂ ಓಡಾಡುತ್ತದೆ. ಯಜಮಾನರು ಮಾತ್ರ ಎರಡು ಸಲ ಚಪ್ಪಾಳೆ ತಟ್ಟಿದರು, ಮಾವನ ಕರ್ತವ್ಯ.

ಎರಡನೇ ವಾರ ಕತ್ತರಿಸುವ ಕೆಲಸ. ಮೊಬೈಲು ಪುಟ ಕೇಳುವಾಗ ಬರೀ ನಂಬರು ಕಳಿಸುವುದಿಲ್ಲವಂತೆ. ತಾನು ಯಾರು, ಯಾವ ಕಂಪನಿಯದು, ತನಗೆ ಯಾವ ಭಾಷೆ ಬರುತ್ತದೆ ಎಂದೆಲ್ಲ ಒಂದು ಪುರಾಣ ಬರೆದು ಕಳಿಸುತ್ತದಂತೆ. ಅದರ ಮೊದಲ ಸಾಲನ್ನು ಹಿಡಿದು, ಸೀಳಿ, ಓರೆಗೆರೆಯ ಪಕ್ಕದ ನಂಬರನ್ನು ಹೆಕ್ಕಬೇಕು. ಇದನ್ನು ಬಹು ಚಂದದ ಕೆಲಸವೆಂಬಂತೆ ವರ್ಣಿಸಿದರು. ನಾನು ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಸೊಸೆಯ ಮೇಲಿನ ದೂರು, ಮೊಣಕಾಲು ನೋವು, ನೀರು ಬಾರದ ನಲ್ಲಿ ಎಲ್ಲ ಕೇಳಿಸಿಕೊಂಡು ಕೊನೆಗೆ ನಂಬರು ಹೆಕ್ಕುತ್ತೇನೆ. ನನ್ನ ವಿಷಯದಲ್ಲಿ ಯಾರಿಗೂ ಅದರಲ್ಲಿ ಚಂದ ಕಂಡಿರಲಿಲ್ಲ.

ಮೂರನೇ ವಾರ ತೊಡಕು ಬಂತು. ಯಾವ ಡಬ್ಬಿ ಆಗಿದೆ ಎಂದು ಸರ್ವರ್‌ಗೆ ಗೊತ್ತಾಗಬೇಕಾದರೆ, ಹಲಗೆಯ ಪಟ್ಟಿ ಹೋದ ಮೇಲೆ ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಡುತ್ತಿದ್ದ ಪಟ್ಟಿಯನ್ನು ಅದು ಓದಬೇಕು. ಪಟ್ಟಿ ಹೊರಗಿನದು, ದಿನವೂ ಬದಲಾಗುವಂಥದ್ದು, ಅಂದರೆ ಮೈಲಿಗೆ. ಇದನ್ನು ಕ್ರಮವಾಗಿ ಮಾಡುವ ದಾರಿಯೂ ಆ ಭಾಷೆಯಲ್ಲಿ ಇತ್ತಂತೆ, ಆದರೆ ಬರೆದಿದ್ದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕಿತ್ತಂತೆ. ಅಷ್ಟರಲ್ಲಿ ಯಜಮಾನರು ಯಾವಾಗ ಶುರು ಎಂದು ದಿನಕ್ಕೆರಡು ಸಲ ಕೇಳತೊಡಗಿದ್ದರು. ಕೊನೆಗೆ ಅಳಿಯ ದೇವರು ಒಂದೇ ಒಂದು ಸಾಲು ಬರೆದು ಹಿಂಬಾಗಿಲಿನಿಂದ ಪಟ್ಟಿಯನ್ನು ಒಳಗೆ ತಂದರು. ಪುಟ ಬರಲು ನಿಧಾನವಾಗುತ್ತಿದೆ ಎಂದಾಗ ಇನ್ನೊಂದು ಸಾಲು ಸೇರಿಸಿದರು. ಆ ಎರಡು ಸಾಲು ಏನು ಮಾಡುತ್ತವೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಸೋಮವಾರ ಬೆಳಿಗ್ಗೆ ಸರ್ವರು ಶುರುವಾಯಿತು. ಯಜಮಾನರು ಬಾಗಿಲಿಗೆ ಒಂದು ಕಾಗದ ಅಂಟಿಸಿದರು: ದಯವಿಟ್ಟು ಫೋನು ಮಾಡಬೇಡಿ, ಪುಟ ನೋಡಿ. ನನಗೂ ಹೊಸ ಕಟ್ಟಳೆಯಾಯಿತು, ನಾನಾಗಿ ಯಾರಿಗೂ ಫೋನು ಮಾಡಿ ಹೇಳಕೂಡದು, ಜನ ತಾವೇ ನೋಡಿಕೊಂಡು ಬರುತ್ತಾರೆ. ಆ ದಿನ ಮೊದಲು ಬಂದವರು ಕಂಡಕ್ಟರ್ ಅಜ್ಜ. ಬಸ್ಸಿನಲ್ಲಿ ಮೂವತ್ತೈದು ವರ್ಷ ಟಿಕೆಟು ಹರಿದು ನಿವೃತ್ತರಾದವರು. ಹಳೆಯ ಸೆಟ್ಟು ತೊಳೆಯುವಾಗ ಕೈಜಾರಿ ಎರಡು ಹೋಳಾಗಿತ್ತು. ಹೊಸ ಅಚ್ಚನ್ನು ದಂತವೈದ್ಯರಿಂದ ತಾವೇ ಹಿಡಿದುಕೊಂಡು ಬಂದಿದ್ದರು, ಬೇರೆಯವರ ಕೈಯಲ್ಲಿ ಕಳಿಸಿದರೆ ಒಂದು ದಿನ ತಡವಾದೀತೆಂದು. ಅಷ್ಟೇನು ಅವಸರ ಅಜ್ಜ, ಕಡಲೆ ತಿನ್ನಬೇಕಾ ಎಂದು ತಮಾಷೆ ಮಾಡಿದೆ.

"ನಮ್ಮ ಮನೆಯವಳಿಗೆ ಕಿವಿ ಕೇಳ್ಸಲ್ಲಮ್ಮ," ಎಂದರು. "ಮೂವತ್ತು ವರ್ಷದಿಂದ ನನ್ನ ತುಟಿ ನೋಡಿಯೇ ಮಾತು ತಿಳ್ಕೊಳ್ಳೋದು. ಈಗ ತುಟಿ ಒಳಗೆ ಹೋಗ್ಬಿಟ್ಟಿದೆ, ಏನು ಹೇಳಿದ್ರೂ ಅವಳಿಗೆ ಗೊತ್ತಾಗಲ್ಲ. ಚೀಟಿ ಬರ್ಕೊಡ್ತೀನಿ. ಹಾಲು ಬಂತು, ಬಾಗಿಲು ಹಾಕು, ಇದೆಲ್ಲ ಬರೀಬಹುದು. ಜಗಳ ಬರೆಯೋಕಾಗಲ್ಲ ನೋಡಿ."

ನಗುತ್ತಲೇ ಹೇಳಿದರು, ಆದರೆ ಹೇಳಿ ಮುಗಿಸಿದ ಮೇಲೆ ನಗಲಿಲ್ಲ. ಅವರ ಡಬ್ಬಿಗೆ ನಾನೂರ ಮೂವತ್ತೊಂದು ಎಂದು ನಂಬರು ಕೊಟ್ಟೆ. ಆರು ದಿನವಾಗುತ್ತದೆ ಎಂದೆ. ಅಳಿಯ ದೇವರು ತಾವೇ ಹೊರಗೆ ಬಂದು ಅಜ್ಜನ ಮೊಬೈಲಿನಲ್ಲಿ ಪುಟ ತೆರೆದು ನಂಬರು ಒತ್ತಿ ತೋರಿಸಿದರು. ಇನ್ನೂ ಆಗಿಲ್ಲ ಎಂದು ಬಂತು. ಅಜ್ಜನಿಗೆ ಹಿಗ್ಗೋ ಹಿಗ್ಗು. ದಿನಾ ಬೆಳಿಗ್ಗೆ ನೋಡ್ತೀನಿ, ನಿಮಗೆ ಫೋನ್ ಮಾಡಿ ತೊಂದರೆ ಕೊಡಲ್ಲ ಎಂದು ನನಗೇ ಸಮಾಧಾನ ಹೇಳಿ ಹೋದರು.

ನಾಲ್ಕನೇ ದಿನ ನನಗೆ ಕುತೂಹಲ ತಡೆಯಲಿಲ್ಲ. ನನ್ನ ಅನ್ನ ಕಿತ್ತುಕೊಳ್ಳಲು ಬಂದ ಪುಟ ಹೇಗಿದೆ ನೋಡೋಣವೆಂದು ಕಪಾಟಿನಲ್ಲಿದ್ದ ಒಂದು ಡಬ್ಬಿಯ ನಂಬರು ಒತ್ತಿದೆ. ಇನ್ನೂ ಆಗಿಲ್ಲ ಎಂದಿತು. ಡಬ್ಬಿ ನನ್ನ ಕೈಯಲ್ಲೇ ಇತ್ತು, ಮುಚ್ಚಳ ತೆಗೆದು ನೋಡಿದೆ, ಮೇಲಿನದು ಕೆಳಗಿನದು ಎರಡೂ ಇದ್ದವು. ಪಟ್ಟಿ ತೆರೆದೆ, ಅಲ್ಲಿ ಆಗಿದೆ ಎಂದು ನಾನೇ ಬರೆದಿದ್ದೆ. ಇನ್ನೂ ಹತ್ತು ಡಬ್ಬಿ ನೋಡಿದೆ. ಆರಕ್ಕೆ ಸರಿಯಾಗಿ ಹೇಳಿತು, ನಾಲ್ಕಕ್ಕೆ ಇನ್ನೂ ಆಗಿಲ್ಲ ಎಂದಿತು. ಮತ್ತೆ ಒತ್ತಿದರೂ ಅದೇ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ.

ಹೇಳಿಬಿಡೋಣ ಎಂದೇ ಎದ್ದು ಹೋದೆ. ಇದನ್ನು ಯಾರೂ ನಂಬಬೇಕಾಗಿಲ್ಲ, ಆದರೆ ಹೋಗಿದ್ದು ನಿಜ. ಒಳಗಿನ ಕೋಣೆಯ ಬಾಗಿಲಿನಲ್ಲಿ ಅಳಿಯ ದೇವರ ಮಾತು ಕಿವಿಗೆ ಬಿತ್ತು. "ಮುಂದಿನ ತಿಂಗಳಿಂದ ಆ ಫೋನೇ ಬೇಕಾಗಲ್ಲ ಮಾವ. ಅವರನ್ನ ಅಚ್ಚು ತೊಳೆಯೋ ತೊಟ್ಟಿ ಹತ್ರ ಹಾಕಬಹುದು."

ಯಜಮಾನರು ಛೆ ಎನ್ನಲಿಲ್ಲ. ಇಪ್ಪತ್ತೆರಡು ವರ್ಷದ ಋಣಕ್ಕೆ ಒಂದು ಛೆ ಸಾಲದಿತ್ತೇ? ನೋಡೋಣ ಎಂದರು. ನಾನು ಬಂದ ದಾರಿಯಲ್ಲೇ ತಿರುಗಿ ಬಂದು ಕೂತೆ. ಮಾಡಿದ್ದುಣ್ಣೋ ಮಹರಾಯ, ನಿನ್ನ ಶುದ್ಧ ಸರ್ವರು ನಿನ್ನ ಮಾವನ ಮುಂದೆಯೇ ಮೂಗು ಜಜ್ಜಿಕೊಳ್ಳಲಿ, ಆಮೇಲೆ ಫೋನಮ್ಮನ ನೆನಪಾಗುತ್ತದೆ ಎಂದುಕೊಂಡೆ. ಎರಡು ಮೂರು ದಿನದಲ್ಲಿ ಗೊತ್ತಾಗಿಬಿಡುತ್ತದೆ ಎಂಬ ಲೆಕ್ಕ ನನ್ನದು.

ಗೊತ್ತಾಗಲಿಲ್ಲ. ಪುಟ ಇನ್ನೂ ಆಗಿಲ್ಲ ಎಂದರೆ ಜನ ನಂಬಿದರು. ಮನುಷ್ಯರು ಹೇಳಿದರೆ ಗದರುತ್ತಾರೆ, ಯಾಕಾಗಿಲ್ಲ ಎನ್ನುತ್ತಾರೆ. ಪುಟಕ್ಕೆ ಯಾರು ಗದರುತ್ತಾರೆ? ಫೋನು ದಿನಕ್ಕೆ ಐವತ್ತು ಸಲ ಬಡಿದುಕೊಳ್ಳುತ್ತಿದ್ದದ್ದು ಐದಕ್ಕೆ ಇಳಿಯಿತು. ಕಾಗದ ಲೆಕ್ಕಿಸದೆ ಫೋನು ಮಾಡಿದ ಆ ಐದು ಜನರಿಗೆ ನಾನು ನಿಜವನ್ನೇ ಹೇಳಿದೆ, ಅವರು ಬಂದು ಒಯ್ದರು. ನನ್ನ ಪ್ರಾಮಾಣಿಕತೆಗೇನೂ ಕೊರತೆ ಇರಲಿಲ್ಲ, ಕೇಳಿದವರಿಗೆ ಮಾತ್ರ ಸಿಗುತ್ತಿತ್ತು. ಕಪಾಟು ತುಂಬಿತು. ಡಬ್ಬಿಯ ಹಿಂದೆ ಡಬ್ಬಿ ಇಟ್ಟೆ. ಹತ್ತನೇ ದಿನ ಯಜಮಾನರು ಕಪಾಟಿನ ಮುಂದೆ ನಿಂತರು. ಈಗ ಸಿಕ್ಕಿಬಿತ್ತು ಎಂದುಕೊಂಡೆ. ಜನಕ್ಕೆ ಈಗ ಹಲ್ಲಿನ ಮೇಲೆ ಮೊದಲಿನ ಆಸೆ ಇಲ್ಲ ಎಂದು ನಿಟ್ಟುಸಿರು ಬಿಟ್ಟು ಹೋದರು.

ನಾನೂರ ಮೂವತ್ತೊಂದು ಏಳನೇ ದಿನವೇ ನನ್ನ ಕಪಾಟಿಗೆ ಬಂದಿತ್ತು. ನಾನೇ ತೆಗೆದುಕೊಂಡು ಇಟ್ಟೆ. ಕಂಡಕ್ಟರ್ ಅಜ್ಜನದು ಎಂದು ಗೊತ್ತಿತ್ತು. ಪುಟ ಒತ್ತಿ ನೋಡಿದೆ, ಇನ್ನೂ ಆಗಿಲ್ಲ. ಫೋನು ಒಂದು ಮೊಳ ದೂರದಲ್ಲಿತ್ತು. ನಾನಾಗಿ ಫೋನು ಮಾಡಬಾರದೆಂದು ಕಟ್ಟಳೆ ಇದೆಯಲ್ಲ ಎಂದುಕೊಂಡೆ. ಇಪ್ಪತ್ತೆರಡು ವರ್ಷದಲ್ಲಿ ಯಜಮಾನರ ಯಾವ ಕಟ್ಟಳೆಯನ್ನೂ ಅಷ್ಟು ನಿಷ್ಠೆಯಿಂದ ಪಾಲಿಸಿದವಳಲ್ಲ ನಾನು. ನಾಳೆ ನೋಡೋಣ ಎಂದುಕೊಂಡೆ. ಮರುದಿನ ಅದರ ಮುಂದೆ ಇನ್ನೊಂದು ಡಬ್ಬಿ ಬಂತು, ಅದು ಕಣ್ಣಿಗೆ ಕಾಣಿಸದಾಯಿತು.

ಇಪ್ಪತ್ತೊಂದನೇ ದಿನ ಮಧ್ಯಾಹ್ನ ಅಜ್ಜ ಬಂದರು. ಜೊತೆಗೆ ಹೆಂಡತಿ. ಸಣ್ಣ ಮೈಕಟ್ಟಿನ, ನೆಟ್ಟಗೆ ನಿಲ್ಲುವ ಹೆಂಗಸು. ಅವರ ಕೈಯಲ್ಲಿ ಮೂಲೆ ಮಡಚಿದ ಒಂದು ನೋಟುಪುಸ್ತಕ ಮತ್ತು ದಾರ ಕಟ್ಟಿದ ಪೆನ್ಸಿಲು. ಅಜ್ಜ ಬರುತ್ತಲೇ ನನ್ನಲ್ಲಿ ಕ್ಷಮೆ ಕೇಳಿದರು. "ಪುಟದಲ್ಲಿ ಇವತ್ತೂ ಆಗಿಲ್ಲ ಅಂತಾನೇ ಇದೆ. ಬರಬಾರದಿತ್ತು. ಇವಳು ಕೇಳಲಿಲ್ಲ, ಕರ್ಕೊಂಡು ಬಂದ್ಬಿಟ್ಳು. ಬೇಜಾರು ಮಾಡ್ಕೋಬೇಡಿ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮುಂದಿನ ಸಾಲು ಸರಿಸಿ ಡಬ್ಬಿ ತೆಗೆದು ಅವರ ಕೈಗಿಟ್ಟೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದನ್ನು ಕೇಳಿದ್ದೇವೆ, ಇಲ್ಲಿ ಕೂಸು ಇಟ್ಟುಕೊಂಡವರು ಒಬ್ಬರು, ಹುಡುಕುವವರು ಇನ್ನೊಬ್ಬರು. ಅಜ್ಜ ಡಬ್ಬಿಯನ್ನೂ ಮೊಬೈಲನ್ನೂ ಒಂದರ ಪಕ್ಕ ಒಂದು ಹಿಡಿದು ನೋಡಿದರು. ಅಷ್ಟರಲ್ಲಿ ಯಜಮಾನರು ಬಂದು ಅವರ ಮೊಬೈಲಿನ ಪುಟ ನೋಡಿ, ಹುಬ್ಬೇರಿಸಿ, ಅಳಿಯನನ್ನು ಕೂಗಿದರು. ಆಮೇಲೆ ಸೆಟ್ಟು ಕೂರಿಸಿ ನೋಡಲು ಅಜ್ಜನನ್ನು ಕನ್ನಡಿಯ ಕೋಣೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಎದುರಿನ ಬೆಂಚಿನಲ್ಲಿ ಕೂತರು.

ಅಳಿಯ ದೇವರು ಮೊದಲು ನನ್ನ ಪಟ್ಟಿ ನೋಡಿದರು. ಆಮೇಲೆ ಒಳಗೆ ಹೋದರು. ಹತ್ತು ನಿಮಿಷ ಬಿಟ್ಟು ನನ್ನ ಮೇಜಿನ ಹತ್ತಿರ ಬಂದಾಗ ಕನ್ನಡಕದ ಹಿಂದೆ ಅವರ ಮುಖ ಬಿಳುಚಿಕೊಂಡಿತ್ತು. ಒಂದೇ ಪ್ರಶ್ನೆಗೆ ಒಂದೇ ಉತ್ತರವೆಂಬುದು ಆ ಭಾಷೆಯ ನಂಬಿಕೆಯಂತೆ. ಹಾಗಿದ್ದ ಮೇಲೆ ಎರಡು ಸಲ ಯಾಕೆ ಪಟ್ಟಿ ಓದಬೇಕೆಂದು, ಒಮ್ಮೆ ಕೊಟ್ಟ ಉತ್ತರವನ್ನು ನೆನಪಿಟ್ಟುಕೊಂಡು ಅದನ್ನೇ ಮತ್ತೆ ಕೊಡು ಎಂದು ಇವರು ಆ ಎರಡನೇ ಸಾಲಿನಲ್ಲಿ ಬರೆದಿದ್ದರಂತೆ. ಪಟ್ಟಿ ದಿನವೂ ಬದಲಾಗುತ್ತದೆಂದು ತಿಳಿದಿದ್ದರೆ ಭಾಷೆಯೇ ತಡೆಯುತ್ತಿತ್ತಂತೆ, ಆದರೆ ಹಿಂಬಾಗಿಲಿನ ಆ ಒಂದು ಸಾಲಿನಲ್ಲಿ ಇವರು ಪಟ್ಟಿಯೂ ಶುದ್ಧವೇ ಎಂದು ಅದಕ್ಕೆ ಸುಳ್ಳು ಹೇಳಿದ್ದರು. ಅದು ನಂಬಿತು. ಹಲ್ಲು ತಯಾರಾದ ಮೇಲೆ ಮೊದಲ ಸಲ ಪುಟ ನೋಡಿದವರಿಗೆ ಸರಿಯಾದ ಉತ್ತರ ಸಿಕ್ಕಿತು. ತಡೆಯಲಾರದೆ ಮೊದಲೇ ನೋಡಿದವರಿಗೆ ಎಂದೆಂದಿಗೂ ಆಗಿಲ್ಲ. ಅಂದರೆ ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಇಲ್ಲ.

ಇದೆಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು, ತಪ್ಪು ತನ್ನದೇ ಎಂದರು. ಸರ್ವರನ್ನು ಒಂದು ಸಲ ಆರಿಸಿ ಮತ್ತೆ ಹಾಕಿದ್ದರೂ ಸಾಕಿತ್ತು, ನೆನಪೆಲ್ಲ ಹೋಗಿ ಸರಿಯಾಗುತ್ತಿತ್ತು ಎಂದರು. ಅದರ ಪ್ಲಗ್ಗು ನನ್ನ ಕಾಲ ಬಳಿಯ ಗೋಡೆಯಲ್ಲೇ ಇತ್ತು. ಆಮೇಲೆ ಕಪಾಟನ್ನು ನೋಡಿ, ಇಷ್ಟು ಡಬ್ಬಿ ನಿಂತಿದ್ದರೂ ನಿಮಗೆ ಅನುಮಾನ ಬರಲಿಲ್ಲವೇ ಎಂದು ಕೇಳಿದರು. ಚುಚ್ಚುವುದಕ್ಕಲ್ಲ, ನಿಜಕ್ಕೂ ಕೇಳಿದರು. ಆದರೆ ನಾನು ಈ ಗಳಿಗೆಗಾಗಿಯೇ ಹದಿನೇಳು ದಿನ ಕಾದಿದ್ದೆ. ಯಜಮಾನರಿಗೆ ಕೇಳಿಸಬಾರದೆಂದು ಉಸಿರಿನಲ್ಲೇ, ಒಂದೊಂದು ಪದವನ್ನೂ ಬಿಡಿಸಿ ಹೇಳಿದೆ.

"ನಾಲ್ಕನೇ ದಿನದಿಂದ ಗೊತ್ತಿತ್ತು. ನೀವೇ ಬಿದ್ದು ತಿಳ್ಕೊಳ್ಳಿ ಅಂತ ಸುಮ್ಮನಿದ್ದೆ."

ಅವರು ನನ್ನನ್ನು ನೋಡಿದರು. ನನಗೆ ಗೆದ್ದ ಹಾಗಾಯಿತು. ಅದು ಎಷ್ಟು ಹೊತ್ತಿತ್ತು ಎಂದರೆ, ಕನ್ನಡಿಯ ಕೋಣೆಯ ಬಾಗಿಲು ತೆರೆಯುವವರೆಗೆ.

ಅಜ್ಜ ಹೊರಗೆ ಬಂದರು. ಕೆನ್ನೆ ತುಂಬಿ, ತುಟಿ ಹೊರಗೆ ಬಂದು, ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ನೇರವಾಗಿ ಹೆಂಡತಿಯ ಮುಂದೆ ಹೋಗಿ, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದು ನಿಂತರು. ಕಾಣ್ತಿದೆಯಾ ಎಂದು ಕೇಳಿದರು. ಆಕೆ ಅವರ ಬಾಯನ್ನೇ ನೋಡುತ್ತ ತಲೆಯಾಡಿಸಿದರು. ಅವರ ಕಣ್ಣು ತುಂಬಿತ್ತು, ನೋಟುಪುಸ್ತಕವನ್ನು ಬೆಂಚಿನ ಮೇಲಿಟ್ಟರು.

"ಯಾರದ್ದೂ ತಪ್ಪಿಲ್ಲ ಕಣೇ," ಎಂದರು ಅಜ್ಜ. "ಯಂತ್ರ ತಪ್ಪು ಹೇಳಿದೆ. ಈ ತಾಯಿಗೆ ಗೊತ್ತಿದ್ದಿದ್ರೆ ಅವತ್ತೇ ಫೋನ್ ಮಾಡ್ತಿದ್ರು."

ಆಕೆ ನನ್ನ ಕಡೆ ತಿರುಗಿದರು. ತಮ್ಮ ದನಿ ತಮಗೆ ಕೇಳಿಸದವರ ಮಾತು ಎಷ್ಟು ಗಟ್ಟಿಯಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ, ಮೂರೂ ಕೋಣೆಗೆ ಕೇಳಿಸಿತು. "ಇಲ್ಲ. ಅವರಿಗೆ ಗೊತ್ತಿತ್ತು. ಈಗ ಆ ಕನ್ನಡಕದವರ ಹತ್ರ ಹೇಳಿದ್ರು, ನಾನು ನೋಡ್ದೆ. ನಾಲ್ಕನೇ ದಿನದಿಂದ ಗೊತ್ತಿತ್ತು ಅಂದ್ರು."

ಒಳಗೆ ಹೊಳಪಿನ ಯಂತ್ರ ನಿಂತಿತು. ಯಜಮಾನರು ಕನ್ನಡಿಯ ಕೋಣೆಯ ಬಾಗಿಲಿನಲ್ಲೇ ನಿಂತರು. ಅಜ್ಜ ನನ್ನನ್ನು ನೋಡಿ, ಹೌದೇನಮ್ಮ ಎಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಾನು ಇಲ್ಲವೆಂದರೆ ನಂಬಲು ಅವರು ಸಿದ್ಧರಿದ್ದರು. ನನ್ನ ಬಾಯಲ್ಲಿ ಮಾತಿಗೇನು ಬರವೇ? ಕಟ್ಟಳೆಯ ಮಾತಿತ್ತು, ತೊಟ್ಟಿಯ ಮಾತಿತ್ತು, ಇಪ್ಪತ್ತೆರಡು ವರ್ಷದ ಮಾತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದವಳು ಅದರಲ್ಲಿ ಯಾವುದನ್ನು ಹೇಳಿದರೂ ನಾಚಿಕೆಗೇಡು. ತಲೆ ಎತ್ತಿ, ಆಕೆಗೆ ಕಾಣುವ ಹಾಗೆ, ಹೌದು ಗೊತ್ತಿತ್ತು ಎಂದೆ.

ಅಜ್ಜ ಬಾಗಿಲಿನ ಕಡೆ ನಡೆದರು. ಆಕೆ ಮಾತ್ರ ನನ್ನ ಮೇಜಿನ ಹತ್ತಿರ ಬಂದರು.

"ಎರಡು ವಾರದಿಂದ ನಾನು ಇವರನ್ನ ನಂಬಿಲ್ಲ," ಎಂದರು. "ಹಲ್ಲು ಬಂದಿದೆ, ಬೇಕಂತಲೇ ತರ್ತಿಲ್ಲ, ನನ್ನ ಜೊತೆ ಮಾತಾಡಿ ಸಾಕಾಗಿದೆ ಇವರಿಗೆ ಅಂದ್ಕೊಂಡಿದ್ದೆ. ಬಾಯಲ್ಲಿ ಹೇಳೋಕಾಗದೆ ಚೀಟಿಯಲ್ಲಿ ಬರೆದೂ ಕೊಟ್ಬಿಟ್ಟೆ."

ಅವರು ಹೋದ ಮೇಲೆ ಯಾರೂ ನನ್ನ ಹತ್ತಿರ ಬರಲಿಲ್ಲ. ಕಪಾಟಿನಲ್ಲಿ ಇನ್ನೂ ಹತ್ತೊಂಬತ್ತು ಡಬ್ಬಿಗಳಿದ್ದವು. ಅವುಗಳ ಒಡೆಯರ ಮನೆಗಳಲ್ಲಿ ಈ ದಿನಗಳಲ್ಲಿ ಏನೇನಾಗಿದೆಯೋ ನನಗೆ ಗೊತ್ತಿರಲಿಲ್ಲ. ಫೋನು ಹತ್ತಿರಕ್ಕೆಳೆದುಕೊಂಡು ಮೊದಲನೆಯ ಡಬ್ಬಿಯವರ ನಂಬರು ಒತ್ತಿದೆ.